ಸಹಾಯ ಬೇಕು: ಹಳೇ ರಾಕ್ ಹಾಡುಗಳ ಡ್ರಮ್ಸ್ ಸದ್ದು ಮನೆಯಲ್ಲಿ ತರೋದು ಹೇಗೆ?

ಎಲ್ಲರಿಗೂ ನಮಸ್ಕಾರ. ಲೆಡ್ ಜೆಪ್ಪೆಲಿನ್ ತಂಡದ 'ವೆನ್ ದ ಲೆವಿ ಬ್ರೇಕ್ಸ್' (1971) ಹಾಡಿನ ಡ್ರಮ್ಸ್ ಥರದ ಸದ್ದನ್ನು ಸ್ಯಾಂಪಲ್ (ಮೊದಲೇ ರೆಕಾರ್ಡ್ ಮಾಡಿಟ್ಟ ಡ್ರಮ್ಸ್ ಸದ್ದು) ನುಡಿಸುವ ಸಾಫ್ಟ್‌ವೇರ್‌ನಲ್ಲಿ ತರಲು ಎರಡು ವಾರದಿಂದ ಒದ್ದಾಡುತ್ತಿದ್ದೇನೆ. ಆ ಹಾಡಿಗೆ ಇಂಗ್ಲೆಂಡಿನ ಹೆಡ್ಲಿ ಗ್ರೇಂಜ್ ಎಂಬ ಹಳೇ ಮನೆಯ ಹಜಾರದಲ್ಲಿ ಡ್ರಮ್ಸ್ ಇಟ್ಟು, ಮೇಲೆ ಮೆಟ್ಟಿಲ ಹತ್ತಿರ ಎರಡೇ ಮೈಕ್ ತೂಗುಹಾಕಿದ್ದರು. ಅಂದ್ರೆ ಆ ಸದ್ದಿನಲ್ಲಿ ಅರ್ಧ ಪಾಲು ಮನೆಯದ್ದೇ, ಅಲ್ವಾ?

ಅದಕ್ಕೇ ನಾನೂ ಕ್ಲೋಸ್ ಮೈಕ್‌ಗಳ (ಡ್ರಮ್ ಹತ್ತಿರವೇ ಇಟ್ಟವು) ಸದ್ದನ್ನೆಲ್ಲ ಇಳಿಸಿ, ರೂಮ್ ಮೈಕ್ (ದೂರ ಇಟ್ಟು ಕೋಣೆಯ ಸದ್ದು ಹಿಡಿಯುವಂಥದ್ದು) ಮಾತ್ರ ಏರಿಸಿ, ಕಂಪ್ರೆಸರ್ (ಜೋರು ಸದ್ದಿಗೂ ಮೆಲ್ಲನೆ ಸದ್ದಿಗೂ ಇರುವ ಅಂತರ ಕಡಿಮೆ ಮಾಡುವಂಥದ್ದು) ಜೋರಾಗಿ ಹಾಕಿದೆ. ಕಿಕ್ (ಕಾಲಲ್ಲಿ ಬಡಿಯುವ ದೊಡ್ಡ ಡ್ರಮ್) ಚೆನ್ನಾಗಿ ಬಂತು. ಆದರೆ ಸಿಂಬಲ್ (ಲೋಹದ ತಟ್ಟೆ) ಬಡಿದಾಗಲೆಲ್ಲ 'ಶ್ಶ್ಶ್' ಅಂತ ಉಕ್ಕಿ ಬಂದು ಸ್ನೇರ್ ಡ್ರಮ್ ಸದ್ದನ್ನೇ ನುಂಗಿಬಿಡುತ್ತದೆ. ಹೈಹ್ಯಾಟ್ (ಜೋಡಿ ಸಿಂಬಲ್) ವೆಲಾಸಿಟಿ, ಅಂದ್ರೆ ಬಡಿತದ ಜೋರು, 110ರಿಂದ 70ಕ್ಕೆ ಇಳಿಸಿದೆ. ಸದ್ದು ತಗ್ಗಿತು, ಜೊತೆಗೆ ಜೀವವೂ ಹೋಯ್ತು. ಮೆಲ್ಲಗೆ ಬಡಿದ ಬೇರೆ ಸ್ಯಾಂಪಲ್ ಬರುತ್ತದಲ್ಲ, ಅದಕ್ಕೇ ಇರಬೇಕು.

ಸಿಂಬಲ್‌ಗಳ ರೂಮ್ ಸದ್ದನ್ನು ಬೇರೆ ಟ್ರ್ಯಾಕಿಗೆ ಕಳಿಸಿ ಕಂಪ್ರೆಸ್ ಮಾಡದೆ ಬಿಡಬೇಕಾ? ಅಥವಾ ಕಂಪ್ರೆಸರ್‌ಗೂ ಮುಂಚೆ ಈಕ್ಯೂನಲ್ಲಿ (ತಗ್ಗು, ಎತ್ತರದ ಸ್ವರಗಳನ್ನು ಬೇರೆ ಬೇರೆಯಾಗಿ ಹೆಚ್ಚು ಕಡಿಮೆ ಮಾಡುವಂಥದ್ದು) ಟ್ರೆಬಲ್, ಅಂದ್ರೆ ಎತ್ತರದ ಸ್ವರಗಳನ್ನು, ಕತ್ತರಿಸಬೇಕಾ? ಮಾಡಿ ನೋಡಿದವರು ಹೇಳಿ. ಸುಮ್ನೆ 'ರಿವರ್ಬ್ (ಕೃತಕ ಅನುರಣನ) ಹಾಕು' ಅನ್ನಬೇಡಿ. ಹಾಕಿದ್ದಾಯ್ತು, ಬಾವಿಯೊಳಗೆ ತಗಡು ಬಡಿದ ಹಾಗಿತ್ತು.