ಹಂಚಿಕೆಯ ಫೋಲ್ಡರಿನ ಕೆಲವು ಫೋಟೋಗಳು ಮಾತ್ರ ತೆರೆಯುತ್ತಿಲ್ಲ: ‘ಅನುಮತಿ ಇಲ್ಲ’ ಎಂಬ ಸಂದೇಶ

ಪ್ರಶ್ನೆ (ವಿಜಯಪುರ):
ನಮ್ಮದು ಒಣದ್ರಾಕ್ಷಿ ಇಡುವ ಕೋಲ್ಡ್ ಸ್ಟೋರೇಜ್. ತಿಕೋಟಾ ಕಡೆಯ ರೈತರು ತಂದ ಮಾಲನ್ನು ಒಳಗಿಡುವ ಮೊದಲು ಪ್ರತಿ ಲಾಟಿನ ಫೋಟೋ ತೆಗೆದು, ಗುಮಾಸ್ತರ ವಿಂಡೋಸ್ 10 ಕಂಪ್ಯೂಟರಿನಲ್ಲಿರುವ ಹಂಚಿಕೆಯ ಫೋಲ್ಡರಿಗೆ ಹಾಕುತ್ತೇವೆ. ಬಿಲ್ಲಿಂಗ್ ಕಂಪ್ಯೂಟರಿನಿಂದ ನೋಡಿದರೆ ಎಲ್ಲ ಫೈಲುಗಳ ಹೆಸರೂ ಕಾಣುತ್ತವೆ, ಆದರೆ ಕೆಲವಷ್ಟೇ ತೆರೆಯುತ್ತವೆ. ಉಳಿದವಕ್ಕೆ ಅನುಮತಿ ಇಲ್ಲವೆಂಬ ಸಂದೇಶ ಬರುತ್ತದೆ. ಗುಮಾಸ್ತರ ಲಾಗಿನ್‌ನಲ್ಲಿ ಎಲ್ಲವೂ ತೆರೆಯುತ್ತವೆ. ಷೇರಿಂಗ್‌ನಲ್ಲಿ ಎವರಿವನ್‌ಗೆ ಫುಲ್ ಕಂಟ್ರೋಲ್ ಕೊಟ್ಟರೂ ವ್ಯತ್ಯಾಸವಾಗಲಿಲ್ಲ.

ಉತ್ತರ (ಬೆಳಗಾವಿ):
ಮೊದಲು ಷೇರಿಂಗ್‌ನಲ್ಲಿ ಕೊಟ್ಟ ಫುಲ್ ಕಂಟ್ರೋಲನ್ನು ಹಿಂತೆಗೆದುಕೊಳ್ಳಿ. ನೆಟ್‌ವರ್ಕ್ ಮೂಲಕ ಬರುವವರಿಗೆ ಷೇರಿಂಗ್ ಅನುಮತಿ ಮತ್ತು ಫೈಲಿನ ಸೆಕ್ಯುರಿಟಿ ಅನುಮತಿ ಎರಡೂ ಅನ್ವಯಿಸುತ್ತವೆ. ಎರಡರಲ್ಲಿ ಯಾವುದು ಬಿಗಿಯೋ ಅದೇ ನಡೆಯುತ್ತದೆ. ಆದ್ದರಿಂದ ಒಂದು ಕಡೆ ಎಷ್ಟು ಸಡಿಲಿಸಿದರೂ ಪ್ರಯೋಜನವಿಲ್ಲ, ಯಾರು ಬೇಕಾದರೂ ಫೋಟೋ ಅಳಿಸಬಹುದಾದ ಅಪಾಯವೊಂದು ಹೆಚ್ಚುತ್ತದೆ, ಅಷ್ಟೇ.

ಎರಡು ವಿಷಯ ತಿಳಿಸಿ. ತೆರೆಯದ ಫೋಟೋ ಪೇಂಟ್‌ನಲ್ಲಿಯೂ ತೆರೆಯುವುದಿಲ್ಲವೇ? ಪೇಂಟ್‌ನಲ್ಲಿ ತೆರೆದರೆ ಫೋಟೋಸ್ ಆ್ಯಪ್‌ನದೇ ದೋಷವೆಂದು ತಿಳಿಯಬಹುದು. ಎರಡನೆಯದಾಗಿ, ಗುಮಾಸ್ತರು ಫೋಟೋಗಳನ್ನು ಆ ಫೋಲ್ಡರಿಗೆ ಹಾಕುವ ಕ್ರಮ ಹೇಗಿದೆ?

ಪ್ರಶ್ನೆ ಕೇಳಿದವರು:
ಪೇಂಟ್‌ನಲ್ಲಿಯೂ ತೆರೆಯುವುದಿಲ್ಲ. ಅವಸರವಿದ್ದಾಗ ಗುಮಾಸ್ತರು ಮೊಬೈಲಿನಿಂದ ಕೇಬಲ್ ಮೂಲಕ ನೇರವಾಗಿ ಹಂಚಿಕೆಯ ಫೋಲ್ಡರಿಗೆ ಕಾಪಿ ಮಾಡುತ್ತಾರೆ. ಬಿಡುವಿದ್ದಾಗ ಮೊದಲು ತಮ್ಮ ಪಿಕ್ಚರ್ಸ್ ಫೋಲ್ಡರಿಗೆ ಇಳಿಸಿಕೊಂಡು, ಲಾಟ್ ನಂಬರಿನ ಹೆಸರು ಕೊಟ್ಟು, ಆಮೇಲೆ ಕಟ್ ಮಾಡಿ ಅಲ್ಲಿ ಪೇಸ್ಟ್ ಮಾಡುತ್ತಾರೆ. ಎರಡೂ ಫೋಲ್ಡರ್ ಸಿ ಡ್ರೈವಿನಲ್ಲಿಯೇ ಇವೆ. ಲಾಟ್ ನಂಬರ್ ಇರುವ ಫೋಟೋಗಳೇ ತೆರೆಯುತ್ತಿಲ್ಲವೆಂಬುದು ಈಗ ಗಮನಕ್ಕೆ ಬಂತು.

ಉತ್ತರ (ಬೆಳಗಾವಿ):
ಕಾರಣ ಅಲ್ಲಿಯೇ ಇದೆ. ಬೇರೆ ಸಾಧನದಿಂದ ಅಥವಾ ಬೇರೆ ಡ್ರೈವಿನಿಂದ ಕಾಪಿ ಮಾಡಿದ ಫೈಲು ಹೊಸದಾಗಿ ಹುಟ್ಟಿದಂತಾದ್ದರಿಂದ, ತಾನು ಸೇರಿದ ಫೋಲ್ಡರಿನ ಅನುಮತಿಗಳನ್ನು ಪಡೆಯುತ್ತದೆ. ಒಂದೇ ಡ್ರೈವಿನೊಳಗೆ ಕಟ್ ಮಾಡಿ ಪೇಸ್ಟ್ ಮಾಡಿದ ಫೈಲು ಮಾತ್ರ, ಮದುವೆಯಾಗಿ ಬಂದರೂ ತವರಿನ ಕಟ್ಟಳೆ ಬಿಡದವರಂತೆ, ಹಳೆಯ ಅನುಮತಿಗಳನ್ನೇ ಹೊತ್ತು ಬರುತ್ತದೆ. ಪಿಕ್ಚರ್ಸ್ ಫೋಲ್ಡರಿನ ಫೈಲುಗಳಿಗೆ ಸಾಮಾನ್ಯವಾಗಿ ಆ ಬಳಕೆದಾರ, ಅಡ್ಮಿನಿಸ್ಟ್ರೇಟರ್ಸ್ ಮತ್ತು ಸಿಸ್ಟಮ್ ಈ ಮೂವರಿಗಷ್ಟೇ ಪ್ರವೇಶವಿರುತ್ತದೆ. ಹೆಸರುಗಳ ಪಟ್ಟಿ ತೋರಿಸುವುದು ಫೋಲ್ಡರಿನ ಅನುಮತಿಯಾದ್ದರಿಂದ ಹೆಸರು ಕಾಣುತ್ತದೆ, ಫೈಲು ಮಾತ್ರ ತೆರೆಯುವುದಿಲ್ಲ.

ಗುಮಾಸ್ತರ ಕಂಪ್ಯೂಟರಿನಲ್ಲಿ ಅಡ್ಮಿನ್ ಖಾತೆಯಿಂದ ಹಂಚಿಕೆಯ ಫೋಲ್ಡರಿನ ಪ್ರಾಪರ್ಟೀಸ್‌ಗೆ ಹೋಗಿ, ಸೆಕ್ಯುರಿಟಿ ಟ್ಯಾಬಿನ ಅಡ್ವಾನ್ಸ್ಡ್ ಒತ್ತಿ, ‘ರಿಪ್ಲೇಸ್ ಆಲ್ ಚೈಲ್ಡ್ ಆಬ್ಜೆಕ್ಟ್ ಪರ್ಮಿಷನ್ ಎಂಟ್ರೀಸ್’ ಎಂದು ಆರಂಭವಾಗುವ ಸಾಲಿಗೆ ಟಿಕ್ ಹಾಕಿ ಅಪ್ಲೈ ಮಾಡಿ. ಒಳಗಿನ ಯಾವುದಾದರೂ ಉಪಫೋಲ್ಡರಿಗೆ, ಉದಾಹರಣೆಗೆ ಬಾಡಿಗೆ ಲೆಕ್ಕದ ಫೋಲ್ಡರಿಗೆ, ಬೇರೆ ನಿರ್ಬಂಧ ಹಾಕಿದ್ದರೆ ಅದೂ ಅಳಿಸಿಹೋಗುವುದರಿಂದ ಅದನ್ನು ಮೊದಲೇ ಬೇರೆ ಕಡೆಗೆ ಸರಿಸಿ. ಮುಂದೆ ಗುಮಾಸ್ತರು ಕಟ್ ಮಾಡುವ ಬದಲು ಕಾಪಿ ಮಾಡಲಿ. ಹಂಚಿಕೆಯ ಫೋಲ್ಡರಿನಲ್ಲಿಯೇ ಹೆಸರು ಬದಲಿಸಿದರೆ ಇನ್ನೂ ಒಳ್ಳೆಯದು.

ಪ್ರಶ್ನೆ ಕೇಳಿದವರು:
ಧನ್ಯವಾದಗಳು ಸರ್, ತೆರೆಯದಿದ್ದ ಫೋಟೋಗಳು ಬಿಲ್ಲಿಂಗ್ ಕಂಪ್ಯೂಟರಿನಲ್ಲಿ ತೆರೆದವು. ಮ್ಯಾನೇಜರ್ ಸಾಹೇಬರ ಐಫೋನಿನಿಂದ ಬಂದ ಕೆಲವು ಮಾತ್ರ ಯಾರ ಲಾಗಿನ್‌ನಲ್ಲಿಯೂ ತೆರೆಯುತ್ತಿಲ್ಲ.

ಉತ್ತರ (ಬೆಳಗಾವಿ):
ಯಾರಿಗೂ ತೆರೆಯುತ್ತಿಲ್ಲವೆಂದರೆ ಅನುಮತಿಯ ಬದಲು ಫೈಲಿನ ಮಾದರಿಯನ್ನು ನೋಡಬೇಕು. ಹೆಸರಿನ ಕೊನೆಯಲ್ಲಿ ಜೆಪಿಜಿ ಬದಲು ಎಚ್ಇಐಸಿ ಎಂದಿದ್ದರೆ, ಆ ಐಫೋನಿನ ಸೆಟ್ಟಿಂಗ್ಸ್‌ನಲ್ಲಿ ಕ್ಯಾಮೆರಾ, ಫಾರ್ಮ್ಯಾಟ್ಸ್ ಎಂಬಲ್ಲಿಗೆ ಹೋಗಿ ‘ಮೋಸ್ಟ್ ಕಂಪ್ಯಾಟಿಬಲ್’ ಆರಿಸಿದರೆ ಇನ್ನು ಮುಂದಿನ ಫೋಟೋಗಳು ಜೆಪಿಜಿಯಲ್ಲಿಯೇ ಬರುತ್ತವೆ. ಈಗಾಗಲೇ ತೆಗೆದವುಗಳನ್ನು ಜೆಪಿಜಿಗೆ ಪರಿವರ್ತಿಸಿಕೊಳ್ಳಬೇಕಾಗುತ್ತದೆ.