ಟೊಮೇಟೊ ಮಡಿಗೆ ಡೀಸೆಲ್ ಹರಿದಿದೆ, ಮಣ್ಣು ಸರಿಹೋಗುತ್ತಾ?

ಪ್ರಶ್ನೆ: ಪಂಪ್‌ಸೆಟ್ಟಿನ ಪೈಪು ಕಳಚಿ ಸುಮಾರು 10 ಲೀಟರ್ ಡೀಸೆಲ್ ಟೊಮೇಟೊ ಮಡಿಗೆ ಹರಿದಿದೆ. ಕೆಂಪುಮಣ್ಣು, ಹತ್ತಡಿಗೆ ಹತ್ತಡಿ ಜಾಗ. ಹರಿದು 12 ದಿನ ಆಯ್ತು. ಗಿಡದ ಕೆಳಗಿನ ಎಲೆ ಹಳದಿ, ನೀರು ಬಿಟ್ಟರೆ ಇಂಗುತ್ತಿಲ್ಲ. ನೀರು ಜಾಸ್ತಿ ಹಾಯಿಸಿದರೆ ತೊಳೆದುಹೋಗುತ್ತಾ? ಗಿಡ ಉಳಿಯುತ್ತಾ?

ಉತ್ತರ 1
ಮೊದಲು ನೀರು ನಿಲ್ಲಿಸಿ. ಡೀಸೆಲ್ ನೀರಲ್ಲಿ ಕರಗುವುದಿಲ್ಲ. ಜೋರಾಗಿ ನೀರು ಬಿಟ್ಟರೆ ಪಕ್ಕದ ಮಡಿಗೂ ಕೆಳಗಿನ ಪದರಕ್ಕೂ ಹರಡುತ್ತೆ ಅಷ್ಟೇ. ಸೋಪಿನ ಪುಡಿ ಹಾಕಿ ತೊಳೆಯುವ ಸಲಹೆ ಯಾರಾದರೂ ಕೊಟ್ಟರೆ ಕೇಳಬೇಡಿ, ಬಾವಿ ಹತ್ತಿರ ಇದ್ದರಂತೂ ಬೇಡವೇ ಬೇಡ. ಆ ಜಾಗದ ಸುತ್ತ ಅರ್ಧ ಅಡಿ ಬದು ಕಟ್ಟಿ, ಮಳೆ ನೀರು ಒಳಗೆ ಬರದಂತೆ ನೋಡಿಕೊಳ್ಳಿ.

ಗುದ್ದಲಿಯಿಂದ ಒಂದು ಕಡೆ ಅಗೆದು ಹೆಂಟೆ ಮೂಸಿ ನೋಡಿ. ವಾಸನೆ ಎಷ್ಟು ಆಳಕ್ಕೆ ಇದೆಯೋ ಅಷ್ಟಕ್ಕೆ ಕೆಲಸ. ಹೆಚ್ಚು ನೆನೆದ ಮೇಲಿನ ಎರಡು ಮೂರು ಇಂಚು ಮಣ್ಣನ್ನು ಸನಿಕೆಯಲ್ಲಿ ಎತ್ತಿ ಟಾರ್ಪಾಲಿನ ಮೇಲೆ ಹಾಕಿ. ಆ ಗಿಡಗಳ ಆಸೆ ಬಿಡಿ.

ಉತ್ತರ 2
ಹಳದಿ ಯಾಕೆ ಅಂದರೆ, ಎಣ್ಣೆ ಮಣ್ಣಿನ ಕಣಕ್ಕೆ ಅಂಟಿ ನೀರನ್ನು ಒಳಗೆ ಬಿಡುವುದಿಲ್ಲ. ಒಂದು ಹನಿ ನೀರು ಹಾಕಿ ನೋಡಿ: ಐದು ಸೆಕೆಂಡಿಗಿಂತ ಹೆಚ್ಚು ಕಾಲ ಮಣಿಯ ಹಾಗೆ ಉರುಟಾಗಿ ನಿಂತರೆ ಮಣ್ಣು ನೀರು ದೂಡುತ್ತಿದೆ ಎಂದರ್ಥ. ತೂತುಗಳು ಮುಚ್ಚಿ ಬೇರಿಗೆ ಗಾಳಿಯೂ ಕಡಿಮೆ. ಮೂರನೆಯದನ್ನು ಜನ ಮರೆಯುತ್ತಾರೆ: ಎಣ್ಣೆ ತಿನ್ನುವ ಸೂಕ್ಷ್ಮಜೀವಿಗಳು ಮಣ್ಣಲ್ಲಿರುವ ಸಾರಜನಕವನ್ನೆಲ್ಲ ತಾವೇ ಎಳೆದುಕೊಳ್ಳುತ್ತವೆ. ಗಿಡ ಹಳೇ ಎಲೆಯಿಂದ ಸಾರಜನಕ ಕಿತ್ತು ಚಿಗುರಿಗೆ ಕೊಡುತ್ತೆ, ಅದಕ್ಕೇ ಹಳದಿ ಕೆಳಗಿನಿಂದ ಶುರು.

ಹಾಗಾಗಿ ಯೂರಿಯಾ ಬೇಕು, ಆದರೆ ಗಿಡಕ್ಕಲ್ಲ, ಆ ಜೀವಿಗಳಿಗೆ. ಲೆಕ್ಕ: 10 ಲೀಟರ್ ಡೀಸೆಲ್ಲಿನಲ್ಲಿ ಸುಮಾರು 7 ಕೆಜಿ ಇಂಗಾಲ. ಇಪ್ಪತ್ತಕ್ಕೆ ಒಂದರಂತೆ 350 ಗ್ರಾಂ ಸಾರಜನಕ, ಅಂದರೆ ಯೂರಿಯಾ 750 ಗ್ರಾಂ. ಒಂದೇ ಸಲ ಸುರಿದರೆ ಉಪ್ಪಿನಂಶ ಏರಿ ಆ ಜೀವಿಗಳೇ ಸಾಯುತ್ತವೆ. 190 ಗ್ರಾಮಿನಂತೆ ನಾಲ್ಕು ಕಂತು, 12 ದಿನಕ್ಕೊಮ್ಮೆ. ಸೂಪರ್ ಫಾಸ್ಫೇಟ್ 1 ಕೆಜಿ ಮೊದಲ ಸಲವೇ. ಮಣ್ಣು ಎತ್ತಿ ತೆಗೆದಿದ್ದರೆ ಆ ಪಾಲನ್ನು ಟಾರ್ಪಾಲಿನ ರಾಶಿಗೂ ಹಂಚಿ.

ಉತ್ತರ 3
ಮೇಲಿನ ಲೆಕ್ಕಕ್ಕೆ ಒಪ್ಪುತ್ತೇನೆ, ಆದರೆ ಗಾಳಿ ಇಲ್ಲದೆ ಯೂರಿಯಾ ದಂಡ. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ನಾಲ್ಕೈದು ಬುಟ್ಟಿ, ಕತ್ತರಿಸಿದ ಹುಲ್ಲು ಎರಡು ಬುಟ್ಟಿ ಸೇರಿಸಿ, ವಾರಕ್ಕೊಮ್ಮೆ ಬುಡಮೇಲು ಮಾಡಿ. ತೇವ ಹೇಗಿರಬೇಕು ಅಂದರೆ, ಹಿಡಿ ಮಣ್ಣು ಮುಷ್ಟಿಯಲ್ಲಿ ಹಿಸುಕಿದರೆ ಉಂಡೆ ಕಟ್ಟಬೇಕು, ನೀರು ಜಿನುಗಬಾರದು. ಹಸಿ ಸಗಣಿ, ಮರದ ಹೊಟ್ಟು ಬೆರೆಸಬೇಡಿ. ಹೊಟ್ಟು ಚೆಲ್ಲಿದ ದಿನವೇ ಹೀರಿಸಿ ಎತ್ತಿ ತೆಗೆಯಲು ಸರಿ, ಮಣ್ಣಲ್ಲೇ ಬಿಟ್ಟರೆ ಅದೂ ಸಾರಜನಕ ತಿನ್ನುತ್ತೆ. ಜೀವಾಮೃತ ಹಾಕಿ, ತೊಂದರೆ ಇಲ್ಲ, ಆದರೆ ಅದೊಂದರಿಂದಲೇ ಆಗುತ್ತೆ ಅಂತ ಕೂರಬೇಡಿ.

ಪ್ರಶ್ನೆ ಕೇಳಿದವರು: ಎಂಜಿನ್ ಆಯಿಲ್ ಕೂಡ ವರ್ಷಗಳಿಂದ ಅಲ್ಲೇ ಮೂಲೆಯಲ್ಲಿ ಬದಲಿಸುತ್ತಿದ್ದರು. ಅದಕ್ಕೂ ಇದೇ ಕ್ರಮವೇ?

ಉತ್ತರ 4
ಅಲ್ಲ. ಡೀಸೆಲ್ಲಿನ ಹಗುರ ಭಾಗ ಬಿಸಿಲಿಗೆ ಆವಿಯಾಗುತ್ತೆ, ಉಳಿದದ್ದನ್ನು ಸೂಕ್ಷ್ಮಜೀವಿಗಳು ಕೆಲವು ತಿಂಗಳಲ್ಲಿ ಬಹುಪಾಲು ಮುಗಿಸುತ್ತವೆ. ಸುಟ್ಟ ಎಂಜಿನ್ ಆಯಿಲ್ ನಿಧಾನ, ವರ್ಷ ಮೀರಬಹುದು. ಅದರಲ್ಲಿ ಸತು, ತಾಮ್ರ, ಸೀಸದಂಥ ಲೋಹ ಇರುತ್ತವೆ. ಎಷ್ಟು ಉತ್ತರೂ ಲೋಹ ಎಲ್ಲಿಗೂ ಹೋಗುವುದಿಲ್ಲ. ಆ ಮೂಲೆಯ ಕಪ್ಪು ಮಣ್ಣನ್ನು ಅಗೆದು ಬೇರೆ ಮಾಡಿ, ಮಡಿಗೆ ಬೆರೆಸಬೇಡಿ. ಲೋಹದ ಪರೀಕ್ಷೆ ಆಗುವವರೆಗೆ ಅಲ್ಲಿ ಲಾವಂಚ ಅಥವಾ ಹೂವಿನ ಗಿಡ ಇರಲಿ.

ಉತ್ತರ 5
ಮತ್ತೆ ತರಕಾರಿ ಹಾಕುವ ಮುಂಚೆ ಮೆಂತ್ಯ ಪರೀಕ್ಷೆ. ಎರಡು ತಟ್ಟೆ, ಒಂದರಲ್ಲಿ ಆ ಮಡಿಯ ಮಣ್ಣು, ಇನ್ನೊಂದರಲ್ಲಿ ದೂರದ ಒಳ್ಳೆ ಮಣ್ಣು, 20-20 ಕಾಳು. ಬರೀ ಮೊಳಕೆ ಎಣಿಸಿ ಖುಷಿಪಡಬೇಡಿ. ಕಾಳಲ್ಲಿರುವ ಆಹಾರದಿಂದಲೇ ಮೊಳಕೆ ಬರುತ್ತೆ. ಹತ್ತು ದಿನ ಬಿಟ್ಟು ಕಿತ್ತು ಬೇರು ನೋಡಿ. ತುದಿ ಕಂದು, ಬೇರು ಗಿಡ್ಡ, ಕವಲು ಇಲ್ಲ ಅಂದರೆ ಇನ್ನೊಂದು ತಿಂಗಳು ಕಾಯಿರಿ.

ಪಾಸಾದ ಮೇಲೂ ಮೊದಲ ಬೆಳೆ ಮುಸುಕಿನ ಜೋಳವೋ ಅಪ್ಸೆಣಬೋ ಆಗಲಿ. ಆಮೇಲೆ ಟೊಮೇಟೊ, ಬದನೆ. ಕ್ಯಾರೆಟ್, ಮೂಲಂಗಿ ಕೊನೆಗೆ, ಯಾಕಂದರೆ ಎಣ್ಣೆಯಂಶ ಗೆಡ್ಡೆಯ ಸಿಪ್ಪೆಯಲ್ಲೇ ಅಂಟುತ್ತೆ. ಕೊತ್ತಂಬರಿ, ಹರಿವೆಯೂ ತಡವಾಗಿಯೇ, ಮಳೆಗೆ ಮಣ್ಣು ಎಲೆಗೆ ಸಿಡಿಯುತ್ತೆ.

ಬಾವಿ ನೀರಿನ ಮೇಲೆ ಬಣ್ಣದ ಪೊರೆ ಕಂಡರೆ ಕಡ್ಡಿಯಿಂದ ಕೆದಕಿ. ಗಾಜಿನ ಚೂರಿನಂತೆ ಒಡೆದು ಹಾಗೇ ನಿಂತರೆ ಅದು ಕಬ್ಬಿಣದ ಬ್ಯಾಕ್ಟೀರಿಯಾದ ಪೊರೆ. ಸುತ್ತಿಕೊಂಡು ಮತ್ತೆ ಕೂಡಿದರೆ ಎಣ್ಣೆ. ಆ ನೀರನ್ನು ಕುಡಿಯಲೂ ಬೇಡಿ, ಗಿಡಕ್ಕೂ ಬಿಡಬೇಡಿ.