ಇಂಡಕ್ಷನ್ ಸ್ಟವ್ ಬೋರ್ಡಿಗೆ ಸ್ಕೋಪ್ ಕ್ಲಿಪ್ ಹಾಕಿದ ಕೂಡ್ಲೆ ಢಂ ಅಂತು, ಎಂಸಿಬಿ ಬಿತ್ತು

ಬೆಸುಗೆ_ಹುಡುಗ:
ಎಲ್ರಿಗೂ ನಮಸ್ಕಾರ. ಅಮ್ಮನ ಇಂಡಕ್ಷನ್ ಸ್ಟವ್, 2000 ವ್ಯಾಟಿಂದು, ಪ್ಲಗ್ ಹಾಕಿದ್ರೆ ಬೀಪ್ ಬರುತ್ತೆ, ಡಿಸ್‌ಪ್ಲೇ ಮಿನುಗಿ ಆರುತ್ತೆ, ಮತ್ತೆ ಬೀಪ್, ಹಿಂಗೇ ನಡೀತಾನೇ ಇರುತ್ತೆ. ಬೋರ್ಡಿನ ಒಳಗಿನ 18 ವೋಲ್ಟ್ ಸಪ್ಲೈ ಕುಸೀತಿರ್ಬೇಕು ಅನ್ಸಿ ಸ್ಕೋಪಲ್ಲಿ (ವೋಲ್ಟೇಜಿನ ಏರಿಳಿತ ಪರದೇಲಿ ತೋರ್ಸೋ ಆಸಿಲೋಸ್ಕೋಪು) ನೋಡೋಣ ಅಂತ ಬೋರ್ಡ್ ಮೇಲೆ ಜಿಎನ್‌ಡಿ ಅಂತ ಬರೆದಿರೋ ಜಾಗಕ್ಕೆ ಪ್ರೋಬಿನ ಕ್ಲಿಪ್ ಹಾಕ್ದೆ. ಢಂ! ನೀಲಿ ಕಿಡಿ ಹಾರ್ತು, ಎಂಸಿಬಿ ಬಿತ್ತು. ಕ್ಲಿಪ್ಪಿನ ಎರಡು ಹಲ್ಲು ಕರಗಿ ಹೋಗಿವೆ, ಬ್ರಿಡ್ಜ್ (ಎಸಿನ ಡಿಸಿ ಮಾಡೋ ನಾಲ್ಕು ಡಯೋಡು) ಶಾರ್ಟ್ ತೋರಿಸ್ತಿದೆ. ಗ್ರೌಂಡಿಗೆ ಗ್ರೌಂಡೇ ತಾನೇ ಹಾಕಿದ್ದು? ಫ್ರೆಂಡ್ಸ್ ಸ್ಕೋಪ್ ಪ್ಲಗ್ಗಿನ ಅರ್ಥ್ ಪಿನ್ ಕಿತ್ತಾಕು ಅಂತಿದಾರೆ, ಮಾಡ್ಲಾ?

ಹಳೇ_ರೇಡಿಯೋ:
ಬೇಡಪ್ಪ, ಆ ಪಿನ್ ಮಾತ್ರ ಕೀಳ್ಬೇಡ. ನಿಂಗೇನೂ ಆಗ್ಲಿಲ್ವಲ್ಲ, ಅದೇ ದೊಡ್ಡದು.

ನೀನು ಹಾಕಿದ್ದು ಗ್ರೌಂಡಿಗೆ ಗ್ರೌಂಡ್ ಅಲ್ಲ. ಸ್ಕೋಪಿನ ಕ್ಲಿಪ್ಪು, ಪ್ರೋಬ್ ಸಿಗಿಸೋ ಬಿಎನ್‌ಸಿ ಸಾಕೆಟ್ಟಿನ ಹೊರಗಿನ ಲೋಹ, ಮೂರನೇ ಪಿನ್ನು, ಗೋಡೆ ಸಾಕೆಟ್ಟಿನ ಅರ್ಥಿಂಗು, ಇದೆಲ್ಲ ಒಂದೇ ತಂತಿ ಇದ್ದಂಗೆ, ಎರಡೂ ಚಾನೆಲ್ಲಿನ ಕ್ಲಿಪ್ಪೂ ಒಳಗೆ ಕೂಡ್ಕೊಂಡೇ ಇರ್ತಾವೆ. ಸ್ಟವ್ ಬೋರ್ಡಿನ ಜಿಎನ್‌ಡಿ ಅನ್ನೋದು ಬ್ರಿಡ್ಜಿನ ಮೈನಸ್. ಫೇಸ್ ನೆಗೆಟಿವ್ ಆಗೋ ಅರ್ಧ ಸೈಕಲ್‌ನಲ್ಲಿ ಆ ಮೈನಸ್ ಒಂದು ಡಯೋಡ್ ಮೂಲಕ ನೇರ ಫೇಸಿಗೆ ಅಂಟ್ಕೊಂಡಿರುತ್ತೆ, ಅಂದ್ರೆ 325 ವೋಲ್ಟ್ ಪೀಕು. ಅದನ್ನ ನೀನು ಅರ್ಥಿಂಗಿಗೆ ಕಟ್ಟಿದೆ, ಆ ಡಯೋಡ್ ಸತ್ತೋಯ್ತು. ಜಿಎನ್‌ಡಿಗೆ ಟೆಸ್ಟರ್ ಇಟ್ಟಿದ್ರೂ ಉರೀತಿತ್ತು. 18 ವೋಲ್ಟು, 5 ವೋಲ್ಟು, ಬಟನ್ ಬೋರ್ಡು, ಎಲ್ಲಾ ಅದೇ ಮೈನಸ್ ಮೇಲೇ ಕೂತಿವೆ, 5 ವೋಲ್ಟ್ ಅಂತ ನಂಬಿ ಬೆರಳಿಟ್ರೆ ಫೇಸ್ ಮುಟ್ಟಿದಂಗೇ.

ಪಿನ್ ಕಿತ್ರೆ ಢಂ ಅನ್ನಲ್ಲ ನಿಜ, ಆದ್ರೆ ಆಗ ಸ್ಕೋಪಿನ ಮೈಯೆಲ್ಲ ಫೇಸ್. ಇನ್ನೊಂದು ಪ್ರೋಬ್ ಸಿಗಿಸೋಕೆ ಬಿಎನ್‌ಸಿ ಹಿಡೀತೀಯಲ್ಲ, ಅಲ್ಲೇ ಹೊಡೆಯೋದು. ಬೇರ್ಪಡಿಸ್ಬೇಕಾಗಿರೋದು ಸ್ಟವ್ವನ್ನ. ಸ್ಕೋಪಿನ ಅರ್ಥಿಂಗ್ ಇದ್ದಂಗೇ ಇರ್ಲಿ.

ಡ್ರೈವರ್_ದಾವಣಗೆರೆ:
ಸರ್, ನನ್ ಹತ್ರ ವೋಲ್ಟೇಜ್ ಹೆಚ್ಚು ಕಮ್ಮಿ ಮಾಡೋ ಡಿಮ್ಮರ್‌ಸ್ಟಾಟ್ ಇದೆ, ಅದರ ಮೂಲಕ ಸ್ಟವ್ ಓಡಿಸಿದ್ರೆ ಐಸೋಲೇಷನ್, ಅಂದ್ರೆ ಮೇನ್ಸಿಂದ ಬೇರ್ಪಡೋದು, ಆಗಲ್ವಾ? ಇಲ್ಲಾಂದ್ರೆ ಎರಡು ಪ್ರೋಬ್ ಹಾಕಿ, ಒಂದು ಚಾನೆಲಿಂದ ಇನ್ನೊಂದನ್ನ ಕಳೆದು ಎ ಮೈನಸ್ ಬಿ ಮಾಡೋದು?

ಹಳೇ_ರೇಡಿಯೋ:
ಆಗಲ್ಲ. ಡಿಮ್ಮರ್‌ಸ್ಟಾಟಲ್ಲಿ ಸುತ್ತು ಒಂದೇ, ಇನ್‌ಪುಟ್ಟಿನ ಒಂದು ತಂತಿ ಹಂಗೇ ಔಟ್‌ಪುಟ್ಟಿಗೂ ಬರುತ್ತೆ. ಮನೆ ಸ್ಟೆಬಿಲೈಜರ್‌ಗೂ ಇದೇ ಮಾತು. ಪ್ರೈಮರಿ ಸೆಕೆಂಡರಿ ಬೇರೆ ಬೇರೆ ಇರೋ ಟ್ರಾನ್ಸ್‌ಫಾರ್ಮರೇ ಬೇಕು.

ಎ ಮೈನಸ್ ಬಿ ಒಳ್ಳೇ ಉಪಾಯ, ಎರಡೂ ಕ್ಲಿಪ್ಪನ್ನ ಬೋರ್ಡಿಗೆ ತಾಗಿಸ್ದೆ ಒಂದಕ್ಕೊಂದು ಕಚ್ಚಿಸಿ ಬಿಡ್ಬೇಕು, ಎರಡೂ ಪ್ರೋಬ್ 10ಎಕ್ಸ್ (ವೋಲ್ಟೇಜನ್ನ ಹತ್ತನೇ ಒಂದಕ್ಕೆ ಇಳಿಸೋದು), ಸ್ಕೇಲ್ ಒಂದೇ. ಆದ್ರೆ ಈ ಕೆಲಸಕ್ಕೆ ಆಗಿಬರಲ್ಲ. 8 ಬಿಟ್ ಸ್ಕೋಪಂದ್ರೆ 256 ಮೆಟ್ಟಿಲು, 325 ವೋಲ್ಟ್ ಪರದೇಲಿ ಹಿಡಿಸೋಕೆ 100 ವೋಲ್ಟ್ ಡಿವಿಷನ್ ಇಟ್ರೆ ಒಂದು ಮೆಟ್ಟಿಲೇ ಹತ್ರ ಹತ್ರ 3 ವೋಲ್ಟು, 18ರ ಮೇಲಿನ ಒಂದು ವೋಲ್ಟ್ ರಿಪಲ್ (ಏರಿಳಿತ) ಎಲ್ಲಿ ಕಾಣುತ್ತೆ? ಅರ್ಥಿಂಗ್ ಹಂಗಿಲ್ದೆ ಎರಡು ಪಾಯಿಂಟಿನ ವ್ಯತ್ಯಾಸ ಅಳೆಯೋ ಡಿಫರೆನ್ಷಿಯಲ್ ಪ್ರೋಬ್ ಇದ್ರೆ ಸರಿ, ಒಂದು ಸ್ಟವ್ ರಿಪೇರಿಗೆ ಅಂತ ತಗೊಳ್ಳೋ ರೇಟಲ್ಲ ಅದು.

ತಮ್ಮಾ, ನೀನು ಹಿಂಗ್ ಮಾಡು. 230ರಿಂದ 12 ವೋಲ್ಟ್ 5 ಆಂಪಿನ ಎರಡು ಟ್ರಾನ್ಸ್‌ಫಾರ್ಮರ್ ತಗೊಂಡು 12ನ್ನ 12ಕ್ಕೆ ಸೇರ್ಸು. ಎರಡನೇದರ 230 ಕಡೆಯಿಂದ 200 ವೋಲ್ಟಿನ ಆಸುಪಾಸು ಬರುತ್ತೆ, ಸ್ಟ್ಯಾಂಡ್‌ಬೈಗೆ ಧಾರಾಳ ಸಾಕು. ಬಿಸಿ ಮಾಡೋ ಬಟನ್ ಒತ್ಬೇಡ, ಅಷ್ಟು ಲೋಡ್ ಅದು ತಡೆಯಲ್ಲ. ಬೆಂಗಳೂರಲ್ಲಿದ್ರೆ ಎಸ್‌ಪಿ ರೋಡಲ್ಲಿ ಸಿಗುತ್ತೆ. ಹೊಸ ಬ್ರಿಡ್ಜ್ ಹಾಕ್ಕೊ, ಐಜಿಬಿಟಿ (ಕಾಯಿಲಿಗೆ ಕರೆಂಟ್ ಆನ್ ಆಫ್ ಮಾಡೋ ಟ್ರಾನ್ಸಿಸ್ಟರ್) ಶಾರ್ಟಾಗಿದೆಯಾ ನೋಡ್ಕೊ, ಮೊದಲ ಸಲ ಸೀರೀಸಲ್ಲಿ 60 ವ್ಯಾಟ್ ಬಲ್ಬ್ ಇಟ್ಟು ಆನ್ ಮಾಡು.

ಕ್ಲಿಪ್ ಹಾಕೋಕ್ ಮುಂಚೆ ಜಿಎನ್‌ಡಿಗೂ ಅರ್ಥಿಂಗಿಗೂ ಮಧ್ಯೆ ಹಳೇ ಫಿಲಮೆಂಟ್ ಜೀರೋ ಬಲ್ಬ್ ಹಿಡಿ. ಉರಿದ್ರೆ, ಇಲ್ಲಾ ಆರ್‌ಸಿಸಿಬಿ (ಕರೆಂಟ್ ಅರ್ಥಿಗೆ ಸೋರಿದ್ರೆ ಬೀಳೋ ಸ್ವಿಚ್ಚು) ಬಿದ್ರೆ, ಐಸೋಲೇಷನ್ ಆಗಿಲ್ಲ ಅಂತಲೇ ಅರ್ಥ. ಮೀಟರ್ ಒಂದನ್ನೇ ನಂಬ್ಬೇಡ, ಸುತ್ತುಗಳ ಕೆಪಾಸಿಟೆನ್ಸಿಂದ ಸುಮ್‌ಸುಮ್ನೆ ಹತ್ತಾರು ವೋಲ್ಟ್ ತೋರ್ಸುತ್ತೆ.

ಐಸೋಲೇಷನ್ ಆದ್ಮೇಲೆ ಮೈಮರೀಬೇಡ. ಆ ಕಡೆ ಎರಡು ಪಾಯಿಂಟ್ ಒಟ್ಟಿಗೆ ಮುಟ್ಟಿದ್ರೆ ಆರ್‌ಸಿಸಿಬಿಗೆ ಗೊತ್ತೇ ಆಗಲ್ಲ, ಅದು ಬೀಳಲ್ಲ. ಕ್ಲಿಪ್ ಹಾಕಿದ್ಮೇಲಂತೂ ಜಿಎನ್‌ಡಿ ಅರ್ಥಿಂಗಿಗೆ ಸೇರ್ಕೊಂಡಿರುತ್ತೆ, ಬ್ರಿಡ್ಜಿನ ಪ್ಲಸ್‌ಗೆ ಒಂದೇ ಬೆರಳು ತಾಗಿದ್ರೂ ಹೊಡೆಯುತ್ತೆ. ಪ್ಲಗ್ ಕಿತ್ತು ಕ್ಲಿಪ್ ಹಾಕು, ಕೈ ತೆಗೆದು ಆನ್ ಮಾಡು. ಆಫ್ ಮಾಡಿದ್ಮೇಲೂ ದೊಡ್ಡ ಕೆಪಾಸಿಟರಲ್ಲಿ ಚಾರ್ಜ್ ಉಳ್ದಿರುತ್ತೆ, 10ಕೆ 5 ವ್ಯಾಟ್ ರೆಸಿಸ್ಟರ್ ಇಕ್ಕಳದಲ್ಲಿ ಹಿಡಿದು ಎರಡು ಮೂರು ಸೆಕೆಂಡ್ ಇಡು, ಮೀಟರಲ್ಲಿ ಸೊನ್ನೆ ನೋಡಿ ಕೈ ಹಾಕು. ಇನ್ನೊಂದು, ಐಜಿಬಿಟಿ ಕಲೆಕ್ಟರಿಗೆ ನಿನ್ನ ಪ್ರೋಬ್ ಯಾವತ್ತೂ ಇಡ್ಬೇಡ, ಓಡುವಾಗ ಅಲ್ಲಿ 1000 ವೋಲ್ಟ್ ದಾಟುತ್ತೆ, ಮಾಮೂಲಿ 10ಎಕ್ಸ್ ಪ್ರೋಬ್ 300ಕ್ಕೋ 600ಕ್ಕೋ ಮಾಡಿರೋದು.

ಬೆಸುಗೆ_ಹುಡುಗ:
ಸರ್, ನೀವು ಹೇಳ್ದಂಗೇ ಮಾಡ್ದೆ. ಸ್ಕೋಪ್ ಬದುಕಿದೆ, ಎರಡೂ ಚಾನೆಲಲ್ಲಿ ಅದರದ್ದೇ ಟೆಸ್ಟ್ ಸಿಗ್ನಲ್, 1 ಕಿಲೋಹರ್ಟ್ಸ್ ಚೌಕ ಅಲೆ, ಸರಿಯಾಗಿ ಬರ್ತಿದೆ. ಜೀರೋ ಬಲ್ಬ್ ಉರೀಲಿಲ್ಲ. ಕ್ಲಿಪ್ ಹಾಕಿ ಪ್ಲಗ್ ಚುಚ್ಚುವಾಗ ಕೈ ನಡುಗ್ತಿತ್ತು, ಏನೂ ಆಗ್ಲಿಲ್ಲ. 18 ವೋಲ್ಟ್ ಲೈನು 12ರವರೆಗೂ ಹತ್ತಿ ದಬಕ್ಕಂತ ಬೀಳುತ್ತೆ, ಮತ್ತೆ ಹತ್ತುತ್ತೆ, ಗರಗಸದ ಹಲ್ಲಿನಂಗೆ. ಆ ಸಪ್ಲೈ ನಡೆಸೋ ಐಸಿ ವೈಪರ್ 12ಎ.

ಹಳೇ_ರೇಡಿಯೋ:
ಸಿಕ್ತು ನೋಡು. ಆ ಐಸಿ ತನ್ನ ಸಪ್ಲೈ ಪಿನ್ನು, ಅಂದ್ರೆ ವಿಡಿಡಿ, 14.5 ವೋಲ್ಟ್ ಮುಟ್ಟಿದ್ರೆ ಶುರುವಾಗುತ್ತೆ, 8ಕ್ಕೆ ಇಳಿದ್ರೆ ನಿಲ್ಲುತ್ತೆ. ಆ ಪಿನ್ನಿನ ಪುಟ್ಟ ಎಲೆಕ್ಟ್ರೋಲೈಟಿಕ್ ಕೆಪಾಸಿಟರ್ ಒಣಗಿದ್ರೆ ಹಿಂಗೇ ಹತ್ತಿ ಇಳಿಯೋದು. ಬಿಚ್ಚಿ ಅಳೆದು ನೋಡು.

ಬೆಸುಗೆ_ಹುಡುಗ:
22 ಮೈಕ್ರೋ 50 ವೋಲ್ಟಿಂದು, ಅಳೆದ್ರೆ ಒಂದೂವರೆ ಮೈಕ್ರೋ! ಬದಲಾಯ್ಸಿದೆ, 18 ಗೆರೆ ಎಳೆದಂಗೆ ನಿಂತಿದೆ, ಡಿಸ್‌ಪ್ಲೇ ಮಿನುಗ್ತಿಲ್ಲ. ಇವತ್ತೇ ಕಾಯಿಲ್ ಜೋಡಿಸಿ ಹಾಲು ಕಾಯಿಸ್ಲಾ ಸರ್?

ಹಳೇ_ರೇಡಿಯೋ:
ಸ್ವಲ್ಪ ತಡಿ. ಸ್ಕೋಪ್ ಕ್ಲಿಪ್ ಪೂರ್ತಿ ತೆಗೆದಿಟ್ಟು, ಟ್ರಾನ್ಸ್‌ಫಾರ್ಮರ್ ಬಿಟ್ಟು ನೇರ ಕರೆಂಟಿಗೆ ಹಾಕು, ಆದ್ರೆ ಕಾಯಿಲ್ ಜಾಗಕ್ಕೆ 100 ವ್ಯಾಟ್ ಬಲ್ಬ್ ಸೇರ್ಸಿ ಆಮೇಲೆ ಆನ್ ಬಟನ್ ಒತ್ತು. ಮಿಣಕ್ ಮಿಣಕ್ ಅಂದ್ರೆ ಐಜಿಬಿಟಿ ಚೆನ್ನಾಗಿದೆ, ಪ್ಲಗ್ ಕಿತ್ತು ಚಾರ್ಜ್ ಇಳಿಸಿ ಕಾಯಿಲ್ ಹಾಕ್ಕೊ. ಒಂದೇ ಸಮ ಜೋರಾಗಿ ಉರಿದ್ರೆ ತಕ್ಷಣ ಪ್ಲಗ್ ಕಿತ್ತು ಇಲ್ಲಿ ಬಂದು ಹೇಳು.